ಅಂಚು ಸವೆದ ಟೈರು

ರೇಸ್ ಟ್ರ್ಯಾಕಿನಲ್ಲಿ ತರಬೇತುದಾರ ಬೈಕಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಟೈರಿನ ಅಂಚನ್ನು ಹೆಬ್ಬೆರಳಿನಿಂದ ಸವರಿ, "ಏನ್ ಸಾರ್ ಇದು?" ಎಂದ. ಬೈಕು ತಂದಿದ್ದ ಕನ್ನಡಕದಂಗಡಿಯವನ ಮುಖ ಬಿಳುಚಿಕೊಂಡಿತು. ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಹೆಂಡತಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಸಿಕ್ಕಿಬಿದ್ದರು ಮಹಾಶಯರು, ಅಂದುಕೊಂಡಳು.

ಆದರೆ ತರಬೇತುದಾರ ಎದ್ದು ನಿಂತು ಗಂಡನ ಬೆನ್ನು ತಟ್ಟಿದ. "ಸ್ಲಿಕ್ ಟೈರು, ಅದೂ ಅಂಚಿನ ತನಕ ಸವೆಸಿದ್ದೀರಿ! ಬೈಕನ್ನ ಎಷ್ಟು ಬಾಗಿಸಿರಬೇಕು ನೀವು! ನಿಧಾನದ ಗುಂಪಲ್ಲಿ ಯಾಕೆ ಹೆಸರು ಬರೆಸಿದ್ರಿ? ನಡೀರಿ, ವೇಗದವರ ಜೊತೆ ಬಿಡ್ತೀನಿ."

ಆ ಟೈರಿನ ಪುರಾಣ ಅವಳಿಗೆ ಬಾಯಿಪಾಠವಾಗಿತ್ತು. ತಿಂಗಳುಗಟ್ಟಲೆ ಮನೆಯಲ್ಲಿ ಕೂತರೂ ಟೈರು, ನಿಂತರೂ ಟೈರು. ಟ್ರ್ಯಾಕಿಗೆ ರಸ್ತೆ ಟೈರು ಸಾಕೋ, ಸ್ಲಿಕ್ಕೇ ಬೇಕೋ? ಗೀರುಗಳಿರುವ ರಸ್ತೆ ಟೈರು ಬೇಗ ಬಿಸಿಯಾಗುತ್ತದೆ, ಕಲಿಯುವವರಿಗೆ ಅದೇ ಕ್ಷೇಮ ಎಂದು ಟೈರಿನಂಗಡಿಯವನು ಬಡಕೊಂಡಿದ್ದ. ಸ್ಲಿಕ್ ಅಂದರೆ ಬೋಳು ಟೈರು; ಜೋರಾಗಿ ಓಡಿಸಿ ಕಾಯಿಸಿದರೆ ನೆಲಕ್ಕೆ ಅಂಟುತ್ತದೆ, ಮೆಲ್ಲಗೆ ಓಡಿಸಿದರೆ ತಣ್ಣಗಾಗಿ ಜಾರಿ ಕೆಡವುತ್ತದೆ. ಗಂಡನೋ, ತಿರುವು ಬಂದರೆ ತುಂಬಿದ ಕೊಡ ಹೊತ್ತವರ ಹಾಗೆ ಹೋಗುವ ಆಸಾಮಿ. ಆದರೂ ಮನೆಗೆ ಬಂದದ್ದು ಸ್ಲಿಕ್ಕೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಲ್ಲ!

ಬೈಕು ಬಾಗಿಸಲು ಹೆದರುವವನ ಟೈರು ನಡುವೆ ಮಾತ್ರ ಸವೆದು, ಅಂಚು ಹೊಚ್ಚಹೊಸದಾಗಿ ಹೊಳೆಯುತ್ತಿರುತ್ತದೆ. ಬೈಕಿನವರ ಕೂಟದಲ್ಲಿ ಅದಕ್ಕಿಂತ ಮಾನಗೇಡು ಬೇರೆ ಇಲ್ಲವಂತೆ. ಅದಕ್ಕೇ ಮೊನ್ನೆ ಗಂಡ ಶೆಡ್ಡಿನಲ್ಲಿ, ಹಳೇ ಕುರ್ಚಿಗಳಿಗೆ ಪಾಲಿಶ್ ಹಾಕಲು ಅವಳು ಇಟ್ಟುಕೊಂಡಿದ್ದ ಸ್ಯಾಂಡ್‌ಪೇಪರ್ ತೆಗೆದು ಟೈರಿನ ಅಂಚನ್ನು ಗಸಗಸ ಉಜ್ಜುತ್ತಿದ್ದ. ಏನ್ರೀ ಇದು ಎಂದು ಕೇಳಿದ್ದಕ್ಕೆ, "ನಿಂಗೆ ಅರ್ಥ ಆಗಲ್ಲ ಬಿಡೇ" ಎಂದಿದ್ದ. ಅರ್ಥವಾಗದಿರಲು ಅವಳೇನು ಮರ ಉಜ್ಜದವಳೇ?

"ಇಲ್ಲ ಸಾರ್, ಇವತ್ತು ಸ್ವಲ್ಪ ನಿಧಾನಕ್ಕೆ..." ಗಂಡನ ನಾಲಗೆ ತಡವರಿಸಿತು. ಅಷ್ಟರಲ್ಲಿ ನಾಲ್ಕು ಜನ ಸೇರಿ ಟೈರಿನ ಅಂಚು ನೋಡಿ ತಲೆದೂಗಿದ್ದರು. ಅವನು ಹೆಂಡತಿಯತ್ತ ತಿರುಗಿದ. ಹೇಗಾದರೂ ಮಾಡಿ ಬಿಡಿಸು ಎಂದು ಬೇಡುವ ನೋಟ.

"ನೀವೇ ಹೇಳಿ ಮೇಡಂ, ಇವರು ಓಡಿಸೋದು ಹೇಗೆ?" ಎಂದ ತರಬೇತುದಾರ.

ಉಜ್ಜಿದ್ದು ಎಂಬ ಒಂದೇ ಮಾತು ಸಾಕಿತ್ತು. ಗಂಡನ ಮಾನ ಹೋದರೂ ಮೂಳೆ ಉಳಿಯುತ್ತಿತ್ತು. ಆದರೆ ಶೆಡ್ಡಿನಲ್ಲಿ ಅವನು ಆಡಿದ ಮಾತು ಅವಳ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. "ನಂಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ ಸಾರ್? ಇವರು ಹೇಳೋದು ಕೇಳಿದ್ರೆ ಮಾತ್ರ ಭಾರಿ ವೇಗ" ಎಂದು ನಕ್ಕಳು.

ಶಿಳ್ಳೆ ಬಿತ್ತು. ಬೈಕುಗಳು ಹೊರಟವು. ಮೊದಲ ತಿರುವಿನಲ್ಲೇ ಅವನ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಬೈಕು ಒಮ್ಮೆ ಅತ್ತ, ಒಮ್ಮೆ ಇತ್ತ ಹೊಯ್ದಾಡಿತು. ಹಿಂದಿನವರು ಅವನ ಎರಡೂ ಮಗ್ಗುಲಿನಿಂದ ಬಾಣದ ಹಾಗೆ ನುಗ್ಗಿ ಹೋದರು. ಅವಳು ಕೈಯಲ್ಲಿದ್ದ ನೀರಿನ ಬಾಟಲಿ ಎಸೆದು ಬೇಲಿಯ ಹತ್ತಿರ ಓಡಿದಳು. ಅಯ್ಯೋ, ನಾನೇ ಕಳಿಸಿದೆನಲ್ಲ, ಹಾಳು ಬಾಯಿ ನನ್ನದು! ತಿರುವಿನಾಚೆ ಅವನು ಕಾಣದೆ ಹೋದಾಗ ಜೀವ ಬಾಯಿಗೆ ಬಂತು. ಗಂಡ ಬರಲಿ, ಬೋಳು ಟೈರಿನ ಪುರಾಣವನ್ನು ಬದುಕಿರುವ ತನಕ ಕೇಳುತ್ತೇನೆ ಎಂದುಕೊಂಡಳು.

ಒಂದೇ ಸುತ್ತು. ಎಲ್ಲರಿಗಿಂತ ಕೊನೆಗೆ, ಇರುವೆಯ ಹಾಗೆ ತೆವಳಿಕೊಂಡು ಬಂದು, ಟ್ರ್ಯಾಕು ಬಿಟ್ಟು ಬರುವ ಒಳದಾರಿಗೆ ತಿರುಗಿಸಿದ. ಹೆಲ್ಮೆಟ್ ತೆಗೆದಾಗ ತುಟಿ ಸುಣ್ಣದಂತಿತ್ತು. ನಾಲ್ಕು ಜನ ಮತ್ತೆ ಸೇರಿದರು.

"ಯಾಕೆ ಸಾರ್ ಬಂದ್ಬಿಟ್ರಿ?"

ಅವನು ಕೈಗವಸು ಕಳಚುತ್ತಾ ಹೆಂಡತಿಯತ್ತ ನೋಡಿ, ದೊಡ್ಡ ಮನಸ್ಸಿನವನಂತೆ ನಕ್ಕ. "ನಂದೇನಿಲ್ಲ ಸಾರ್. ಪಾಪ, ಇವಳಿಗೆ ಭಯ."

ಎಲ್ಲರೂ ಅವಳತ್ತ ತಿರುಗಿದರು. "ಏನ್ ಮೇಡಂ, ಇಂಥಾ ರೈಡರ್‌ನ ಹೀಗೆ ಕಟ್ಟಿಹಾಕೋದಾ?" ಎಂದ ತರಬೇತುದಾರ.

ಸುಳ್ಳು ಎಂದು ಕೂಗೋಣವೆಂದರೆ, ಬೇಲಿಯ ತಂತಿ ಹಿಡಿದ ಅವಳ ಕೈ ಇನ್ನೂ ಗಡಗಡ ನಡುಗುತ್ತಿತ್ತು.