ಮ್ಯೂರಿಯಲ್‌ಳ ಮಾಮೂಲಿ ಗ್ಲಾಸು

ಕೊನೆಯ ಆರ್ಡರಿನ ಗಂಟೆ ಟಿಣ್ ಎಂದಿತು. ಸಂತೆ ಬೀದಿಯಲ್ಲಿ ಉಳಿದಿದ್ದ ಕೊನೆಯ ಪಬ್ಬಾದ 'ಫ್ಲೀಸ್'ಗೆ ನಾಳೆಯಿಂದ ಬೀಗ. ಊರಿನ ಮುಚ್ಚಿಹೋದ ಪಬ್ಬುಗಳ ಚರಿತ್ರೆ ಬರೆದ ಮ್ಯೂರಿಯಲ್ ಆಗಷ್ಟೇ ಭಾಷಣ ಮುಗಿಸಿದ್ದಳು: "ಎಷ್ಟೋ ವರ್ಷದಿಂದ ಇದು ನನ್ನ ಇನ್ನೊಂದು ಮನೆ."

ಮಾಲೀಕ ಡೆಸ್ಮಂಡ್ ಯಾರನ್ನೂ ಕೇಳದೆ, ಅವರವರು ದಿನಾ ಕುಡಿಯುವುದನ್ನೇ ತುಂಬಿಸಿ ಕೊಡುತ್ತಿದ್ದ. ಕೇಳದೆಯೇ ಗ್ಲಾಸು ಮುಂದೆ ಬಂದರೆ ಅವರು ಇಲ್ಲಿಯವರೆಂದು ಲೆಕ್ಕ.

"ಮೇಡಮ್ಮೋರಿಗೆ ಅವರ ಮಾಮೂಲಿ ಕೊಡಪ್ಪಾ ಡೆಸ್! ಮಾತಾಡಿ ಮಾತಾಡಿ ಗಂಟಲು ಒಣಗಿದೆ. ನಮಗೆ ಕೇಳಿ ಕೇಳಿ!" ಎಂದು ಕಟುಕ ಕಾಲಿನ್ ಕೂಗಿದ. ಎಲ್ಲರೂ ನಗುತ್ತ ಅವಳತ್ತ ತಿರುಗಿದರು.

ಡೆಸ್ಮಂಡ್‌ನ ಕೈ ನಿಂತಿತು. ಅವಳು ಇಲ್ಲಿಗೆ ಬಂದದ್ದು ಒಂದೆರಡು ಸಲ, ಅದೂ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಗೋಡೆಯ ಹಳೇ ಫೋಟೋ ನೋಡಲು. ಒಂದು ಗ್ಲಾಸನ್ನೂ ಕೊಂಡಿರಲಿಲ್ಲ. ಅದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಅವಳ ಮುಖ ಕೆಂಪೇರಿತು.

ಅವನು ಅರ್ಧ ಪೈಂಟ್ ಕಹಿ ಬಿಯರ್ ತುಂಬಿಸಿ ಅವಳ ಮುಂದಿಟ್ಟ. "ತಗೊಳ್ಳಿ ಮೇಡಂ, ನಿಮ್ ಮಾಮೂಲಿ."

ಅವನು ಬಾಯಿ ಬಿಡುವುದಿಲ್ಲವೆಂದು ಅವಳಿಗೆ ತಿಳಿಯಿತು. ತಾನಾದರೂ ನಿಜ ಹೇಳಬೇಕಿತ್ತು. ಆದರೆ ಎಲ್ಲರೂ ಗ್ಲಾಸು ಎತ್ತಿ ಅವಳಿಗಾಗಿ ಕಾಯುತ್ತಿದ್ದರು. ಇದನ್ನು ಯಾರಿಗೂ, ಯಾವತ್ತೂ ಹೇಳುವುದಿಲ್ಲ ಎಂದುಕೊಂಡು, ತನಗೆ ಸೇರದ ಆ ಬಿಯರನ್ನು ಅವಳು ತಳದವರೆಗೂ ಕುಡಿದಳು.