ಕೊನೆಯವನಲ್ಲ

ಓಟದ ಪಂದ್ಯಕ್ಕೆ ಮುನ್ನ ಅಜ್ಜಿ ಕಾಲಿಗೆ ತಿಕ್ಕುತ್ತಿದ್ದ ಕರ್ಪೂರದೆಣ್ಣೆಯ ವಾಸನೆ ವಾಮನಮೂರ್ತಿಗೆ ಇನ್ನೂ ನೆನಪಿದೆ. ಎಣ್ಣೆ ಎಷ್ಟೇ ತಿಕ್ಕಿದರೂ ಶಾಲೆಯಲ್ಲಿ ಅವನೇ ಕೊನೆ. ಕಳೆದ ವರ್ಷದ ಬೆಟ್ಟದ ಮ್ಯಾರಥಾನಿನಲ್ಲೂ ಅವನೇ ಕೊನೆಯಾಗಿ, ಆಫೀಸಿನವರು ವರ್ಷವಿಡೀ ಆಡಿಕೊಂಡಿದ್ದರು. ಈ ಸಲ ತರಬೇತುದಾರ, ವಿದೇಶಿ ಬೂಟು, ನಾಡಿ ಎಣಿಸುವ ಗಡಿಯಾರ ಎಂದು ಸಕಲ ಸಿದ್ಧತೆಯೊಂದಿಗೆ ಬಂದಿದ್ದ. ಗೆಲ್ಲುವುದು ಬೇಡ, ಕೊನೆಯವನಾಗದಿದ್ದರೆ ಸಾಕಿತ್ತು.

ಕಡೆಯ ಏರಿನಲ್ಲಿ ಏದುಸಿರು ಬಿಡುತ್ತ ತಿರುಗಿ ನೋಡಿದ. ಹೆಂಗಸೊಬ್ಬಳು ಬೆನ್ನಿಗೆ ಚೀಲ ಹಾಕಿಕೊಂಡು ನಿಧಾನವಾಗಿ ಬರುತ್ತಿದ್ದಳು. ಅವನಿಗೆ ಹೋದ ಜೀವ ಬಂತು.

“ಏನಮ್ಮಾ, ಇನ್ನೂ ಅಲ್ಲೇ ಇದೀಯಲ್ಲ! ತಯಾರಿ ಇಲ್ದೆ ಇದಕ್ಕೆಲ್ಲ ಬರಬಾರದು.”

“ಹೌದು ಸಾರ್. ನೀವು ನಡೀರಿ.”

ಅವನು ಬಂಡೆಯ ಮೇಲೆ ಕೂತಾಗ ಅವಳೂ ನಿಂತಳು.

“ಯಾಕೆ, ದಾಟೋಕೆ ಧೈರ್ಯ ಇಲ್ವಾ?”

“ಇಲ್ಲ ಸಾರ್. ನೀರು ಕುಡೀರಿ, ಅವಸರ ಇಲ್ಲ.”

ಮುಕ್ತಾಯದ ಗೆರೆ ಮುಟ್ಟಿದವನೇ ಎರಡೂ ಕೈ ಎತ್ತಿ ಕೂಗಿದ. “ನನ್ನ ಹಿಂದೆ ಇನ್ನೂ ಒಬ್ರಿದಾರೆ, ಬರ್ಕೊಳ್ಳಿ!”

ಆ ಹೆಂಗಸು ಬಂದು, ದಾರಿಯುದ್ದಕ್ಕೂ ಕಿತ್ತು ತಂದಿದ್ದ ಬಾಣದ ಗುರುತಿನ ಫಲಕಗಳನ್ನು ಆಯೋಜಕರ ಮೇಜಿನ ಮೇಲೆ ಇಳಿಸಿ, ಕೊನೆಯ ಓಟಗಾರನಿಗೆಂದು ಎತ್ತಿಟ್ಟಿದ್ದ ಚಿತ್ರಾನ್ನದ ಪೊಟ್ಟಣವನ್ನು ಅವನ ಕೈಗಿಟ್ಟಳು.