ಅವನ ಕಣ್ಣಿನ ಫೋಕಸ್

"ಅದನ್ನು ತಿರುಗಿಸ್ಬೇಡ," ಎಂದಳು ಉಮ್ಮ.

ಟೆಲಿಸ್ಕೋಪಿನ ಫೋಕಸ್ ತಿರುಪಿನ ಮೇಲೆ ಮಿಸ್ರಿಯಾಳ ಬೆರಳು ನಿಂತಿತು. ಅಣ್ಣ ನಿಯಾಝ್ ತೀರಿಹೋದ ಮೇಲೆ ಅವರ ತಾಯಿ, ಉಮ್ಮ, ಜಾಲ್ಸೂರಿನ ಈ ಮನೆಯ ತಾರಸಿಗೆ ಹತ್ತಿದ್ದು ಇದೇ ಮೊದಲು. ತಿಂಗಳುಗಟ್ಟಲೆ ಮರೆಯಾಗಿ ಮತ್ತೆ ಬೆಳಗುವ ಮೀರಾ ನಕ್ಷತ್ರಕ್ಕಾಗಿ ಅವನು ಕಾಯುತ್ತಿದ್ದ. ಇಂದು ಅದು ಮರಳಿತ್ತು. ಆದರೆ ಕನ್ನಡಕ ತೆಗೆದಿಟ್ಟು ನೋಡುತ್ತಿದ್ದ ಅವನು ಫೋಕಸನ್ನು ತನ್ನ ಕಣ್ಣಿಗೆ ಹೊಂದಿಸಿಟ್ಟು ಹೋಗಿದ್ದ. ಮಿಸ್ರಿಯಾಳಿಗೆ ಕಂಡದ್ದು ಕೆಂಪು ಮಸುಕು ಮಾತ್ರ.

"ಹೀಗಿದ್ರೆ ಬರೀ ಮಸುಕೇ ಕಾಣುದು ಉಮ್ಮ. ಇದು ಅವನ ಕಣ್ಣಿಗೆ ಮಾತ್ರ ಆಗುದು."

"ತಿರುಗಿಸಿದ್ರೆ ಮತ್ತೆ ಹೀಗೇ ಇಡ್ಲಿಕ್ಕೆ ಆಗ್ತದಾ?"

ಮಿಸ್ರಿಯಾ ತಿರುಪಿನಿಂದ ಬೆರಳು ತೆಗೆದಳು.

"ಹಾಗಾದ್ರೆ ನಾನೊಮ್ಮೆ ನೋಡ್ತೇನೆ. ಆಮೇಲೆ ಎಂತ ಬೇಕಾದ್ರೂ ಮಾಡು."

ಉಮ್ಮ ತನ್ನ ದಪ್ಪ ಕನ್ನಡಕ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿದಳು. ನಿಯಾಝ್ ಬಗ್ಗುತ್ತಿದ್ದುದೂ ಹೀಗೆಯೇ, ಕನ್ನಡಕ ಕಂಕುಳಲ್ಲಿಟ್ಟು, ಎಡಗೈ ಮೊಣಕಾಲಿಗೆ ಊರಿ. ಕಾಸರಗೋಡು ಬಸ್ಸಿನ ಬೆಳಕು ತಾರಸಿಯ ಗೋಡೆಯನ್ನು ಸವರಿ ಹೋಯಿತು. ಉಮ್ಮ ಟೆಲಿಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ.

"ಮಸುಕು ಎಲ್ಲಿ ಉಂಟು?" ಎಂದಳು ಮೆಲ್ಲಗೆ. "ಸೂಜಿಯ ಮೊನೆಯ ಹಾಗೆ ಕಾಣ್ತಾ ಉಂಟಲ್ಲ."